ಗಿರಿಜತ್ತೆ ಕಾಣಿಸದ ಕಾರ್ಯಕ್ರಮ

ಆಲ್ದೂರಿನಲ್ಲಿ ಯಾರ ಮನೆಯಲ್ಲಿ ಟಿವಿ ಇದೆ ಎಂಬುದನ್ನು ಬಸ್ಸಿನಲ್ಲಿ ಕೂತೇ, ಮಾಡಿನ ಮೇಲಿನ ಆಂಟೆನಾ ನೋಡಿ ಹೇಳಬಹುದಾಗಿದ್ದ ಕಾಲ ಅದು. ನಮ್ಮ ಮನೆಯ ಆಂಟೆನಾ ಎಲ್ಲರದಕ್ಕಿಂತ ಎತ್ತರ. ಯಾಕೆಂದರೆ ಟಿವಿಯೊಳಗೆ ನಮ್ಮ ಅತ್ತೆಯೇ ಬರುತ್ತಿದ್ದಳು.

ಗಿರಿಜತ್ತೆ ನನ್ನ ಅಪ್ಪನ ತಂಗಿ, ಸರ್ಕಾರಿ ಟಿವಿಯಲ್ಲಿ ಉದ್ಘೋಷಕಿ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುಂಚೆ ತೆರೆಯ ಮೇಲೆ ಬಂದು, ಮುಂದೇನಿದೆ ಎಂದು ತಿಳಿಸಿ ಹೋಗುವುದು ಅವಳ ಕೆಲಸ. ಪ್ರಸಾರ ಕೈಕೊಟ್ಟಾಗ ಕ್ಷಮೆ ಕೇಳುವವಳೂ ಅವಳೇ. ಅಜ್ಜನ ದಿನಸಿ ಅಂಗಡಿಗೆ ಬಂದವರು ಬೆಲ್ಲ ಕಟ್ಟಿಸಿಕೊಳ್ಳುತ್ತಲೇ, ಸಿನಿಮಾ ನಡುವೆ ನಿಲ್ಲಿಸಬೇಡ ಅಂತ ಮಗಳಿಗೆ ಸ್ವಲ್ಪ ಹೇಳಿ ಎನ್ನುತ್ತಿದ್ದರು. ಅಜ್ಜ ಅದನ್ನು ನಂಬಿ ಕಾಗದ ಬೇರೆ ಬರೆಯುತ್ತಿದ್ದರು. ಅಜ್ಜಿಯ ದೂರು ಸೀರೆಯದು: ಹೋದ ವಾರ ಉಟ್ಟಿದ್ದನ್ನೇ ಈ ವಾರವೂ ಉಟ್ಟರೆ ಊರವರು ಏನೆಂದುಕೊಂಡಾರು?

ಅತ್ತೆಗೆ ಇದೆಲ್ಲ ಸಾಕಾಗಿತ್ತು. ಬೇರೆಯವರು ಬರೆದದ್ದನ್ನು ಎಂಟು ವರ್ಷ ಓದಿದ್ದಳು. ತಾನೇ ಕಾರ್ಯಕ್ರಮ ಮಾಡುತ್ತೇನೆ ಎಂದು ಕೇಳಿದಾಗಲೆಲ್ಲ ಮೇಲಿನವರು, ನಿಮ್ಮ ಮುಖ ಚೆನ್ನಾಗಿದೆ, ಅಲ್ಲೇ ಇರಿ ಎನ್ನುತ್ತಿದ್ದರಂತೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೊನೆಗೂ ಒಂದು ಅರ್ಧ ಗಂಟೆ ಸಿಕ್ಕಿತು. ಕಾಫಿ ತೋಟದಲ್ಲಿ ದುಡಿಯುವ ಹೆಂಗಸರ ಬಗ್ಗೆ, ಕಾಫಿ ಹೂ ಬಿಟ್ಟ ಹೊತ್ತಿನಲ್ಲಿ ಚಿತ್ರೀಕರಿಸಬೇಕು ಎಂಬುದು ಅವಳ ಯೋಚನೆ. ಬೇಸಿಗೆಯ ಹೂಮಳೆ ಬಿದ್ದು ಕಾಫಿ ಮೊಗ್ಗು ಅರಳಿದ ಸುದ್ದಿ ಹೋದ ಕೂಡಲೇ ಕ್ಯಾಮೆರಾದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಳು.

ಕಾಫಿ ಹೂವಿನ ಆಯಸ್ಸು ಮೂರು ನಾಲ್ಕು ದಿನ. ಅದು ಗೊತ್ತಿದ್ದೂ ನಾವು ಮಾಡಿದ್ದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಮೊದಲ ದಿನ ಅಜ್ಜಿಯ ಉಪಚಾರಕ್ಕೆ ಹೋಯಿತು. ಕಡುಬು, ಕಾಯಿಚಟ್ನಿ, ಮೇಲೆ ಹೋಳಿಗೆ. ಕ್ಯಾಮೆರಾದವರು ಎಲೆಯಿಂದ ಏಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಎರಡನೇ ದಿನ ತೋಟದ ಸಾಹುಕಾರರು ತಮ್ಮ ಹೊಸ ಜೀಪು, ಎರಡು ನಾಯಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಇಷ್ಟನ್ನು ಚಿತ್ರೀಕರಿಸದೆ ಗೇಟು ದಾಟಲು ಬಿಡಲಿಲ್ಲ. ಮೂರನೇ ದಿನ ಅಜ್ಜ ಅಂಗಡಿಗೆ ಹೊಸ ಬಣ್ಣದ ಬೋರ್ಡು ಹಾಕಿಸಿ ಕಾದು ನಿಂತಿದ್ದರು. ಅಂತೂ ಮಧ್ಯಾಹ್ನ ತೋಟ ಸೇರಿದೆವು. ಬೆಳ್ಳಗೆ ಹೂ ಮುಚ್ಚಿದ ಗಿಡಗಳು, ಉಸಿರು ಕಟ್ಟುವಷ್ಟು ಗಾಢವಾದ ಪರಿಮಳ, ಜೇನಿನ ಮೊರೆತ. ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರದಲ್ಲಿ ನಾನೂ ಇದ್ದೆ. ಕೆಂಪು ಲಂಗ ಹಾಕಿಕೊಂಡು, ಏನೋ ಹುಡುಕುತ್ತಿರುವವಳ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆ.

"ಪುಟ್ಟಿ, ನಾನು ಇಲ್ಲಿ ಕೆಲಸ ಮಾಡ್ಲಿಕ್ಕೆ ಬಂದಿದ್ದು ಕಣೇ," ಅಂದಳು ಅತ್ತೆ. ಗದರಲಿಲ್ಲ. ಅವಳ ದನಿ ಸೋತು ಹೋಗಿತ್ತು.

ನಾಲ್ಕನೇ ದಿನ ಹೋದಾಗ ಹೂವೆಲ್ಲ ಕಂದಾಗಿ ಗಿಡಕ್ಕೆ ಅಂಟಿಕೊಂಡಿತ್ತು. ಮುಂದಿನ ವರ್ಷ ಬರೋಣ ಮೇಡಂ ಎಂದು ಕ್ಯಾಮೆರಾದವರು ಪೆಟ್ಟಿಗೆ ಕಟ್ಟಲು ಶುರುಮಾಡಿದರು. ಅತ್ತೆ ಮೋರಿಕಟ್ಟೆಯ ಮೇಲೆ ಕೂತಳು. ಮುಂದಿನ ವರ್ಷ ತನಗೆ ಯಾರೂ ಅರ್ಧ ಗಂಟೆ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಎದ್ದು ತೋಟದ ಆಳುಗಳ ಮನೆಗಳಿದ್ದ ಕೂಲಿ ಲೈನಿನ ಕಡೆ ನಡೆದಳು.

ಲೈನಿನ ಮೊದಲ ಮನೆಯಲ್ಲಿ ಸೀತಕ್ಕ ಜಗಲಿಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಹೂ ಉದುರದಿರಲಿ ಎಂದು ಆ ದಿನಗಳಲ್ಲಿ ತೋಟದೊಳಗೆ ಕೆಲಸ ಮಾಡಿಸುವುದಿಲ್ಲ. ಅತ್ತೆ ಅವಳ ಪಕ್ಕದಲ್ಲೇ ಕೂತು ಮಾತಿಗೆಳೆದಳು. ಕ್ಯಾಮೆರಾ ಮತ್ತೆ ಹೊರಗೆ ಬಂತು. ಮೊದಲು ನಾಚಿಕೊಂಡ ಸೀತಕ್ಕ ಆಮೇಲೆ ಮೊರ ಬದಿಗಿಟ್ಟು ಬಹಳ ಹೊತ್ತು ಮಾತಾಡಿದಳು. ಒಮ್ಮೆ ನಕ್ಕಳು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಬ್ದ ಮಾಡಬಾರದು ಎಂದು ನನ್ನನ್ನು ಮೂಲೆಯಲ್ಲಿ ಕೂರಿಸಿದ್ದರು. ಇನ್ನು ನನ್ನನ್ನು ಯಾರೂ ಚಿತ್ರೀಕರಿಸುವುದಿಲ್ಲ ಎಂಬ ಸಿಟ್ಟಿನಲ್ಲಿ ನಾನು ಆಕಳಿಸುತ್ತಿದ್ದೆ.

ಪ್ರಸಾರವಾದದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮ ನಡುಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಜೀಪು ಬರಲಿಲ್ಲ. ನಾಯಿ ಬರಲಿಲ್ಲ. ಅಂಗಡಿಯ ಬೋರ್ಡು, ನನ್ನ ಲಂಗ ಯಾವುದೂ ಬರಲಿಲ್ಲ. ಅರ್ಧ ಗಂಟೆ ಪೂರ್ತಿ ಸೀತಕ್ಕನೇ. ಇನ್ನೇನು ಬರಬಹುದು ಎಂದು ಕೊನೆಯವರೆಗೂ ಕಾದ ಜನ ಮುಖ ಸಣ್ಣ ಮಾಡಿಕೊಂಡು ಎದ್ದುಹೋದರು. ಮರುವಾರ ಅತ್ತೆ ಊರಿಗೆ ಬಂದಾಗ ಅಜ್ಜ ಕೇಳಿದ್ದು ಒಂದೇ.

"ನೀ ಎಲ್ಲೂ ಕಾಣ್ಲಿಲ್ಲವಲ್ಲ ಗಿರಿಜ?"

"ಅದನ್ನು ಮಾಡಿದ್ದೇ ನಾನು ಅಪ್ಪಯ್ಯ."

"ಮಾಡಿದ್ದು ಹೌದು. ಒಂದ್ಸಲ ಬಂದು ನಮಸ್ಕಾರ ಹೇಳಿ ಹೋಗಬಹುದಿತ್ತು."

ಅತ್ತೆ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೇ ಹೊರಟಳು.

ಆಮೇಲೆ ಅವಳು ನಿರ್ಮಾಪಕಿಯಾಗಿ ಎಷ್ಟೋ ಕಾರ್ಯಕ್ರಮ ಮಾಡಿದಳು. ಆಲ್ದೂರಿನವರ ಮಟ್ಟಿಗೆ ಅವಳ ಕೆಲಸವೇ ಹೋಗಿತ್ತು, ಟಿವಿಯಲ್ಲಿ ಕಾಣುತ್ತಿರಲಿಲ್ಲವಲ್ಲ. ಈಗ ನಿವೃತ್ತಳಾಗಿ ಚಿಕ್ಕಮಗಳೂರಿನಲ್ಲಿದ್ದಾಳೆ. ಮದುವೆ ಮನೆಗೆ ಹೋದರೆ ಇಂದಿಗೂ ಯಾರಾದರೂ ಮೈಕು ತಂದು ಕೈಗೆ ತುರುಕುತ್ತಾರೆ.

ಕಳೆದ ವರ್ಷ ಸೀತಕ್ಕ ತೀರಿಕೊಂಡಳು. ಮೂಡಿಗೆರೆಯಲ್ಲಿರುವ ಅವಳ ಮಗಳು ಲಲಿತ ನನ್ನನ್ನು ಹುಡುಕಿಕೊಂಡು ಬಂದು, ಅವ್ವನ ದನಿ ಎಲ್ಲೂ ಇಲ್ಲ, ಆ ಟಿವಿಯದು ಸಿಗಬಹುದಾ ಎಂದು ಕೇಳಿದಳು. ನಾನು ಅತ್ತೆಯ ಮನೆಗೆ ಹೋದೆ.

"ಅದು ಇಲ್ಲ ಕಣೇ," ಅಂದಳು. "ಆಗ ಟೇಪಿಗೆ ಬರ. ಹಳೇದರಲ್ಲಿ ಯಾವುದನ್ನ ಅಳಿಸೋದು ಅಂತ ಕೇಳಿದ್ರು. ನಾನೇ ಅದರ ಹೆಸರು ಬರೆದು ಕೊಟ್ಟೆ."

ಯಾಕೆ ಎಂದು ಕೇಳುವಾಗ ನನ್ನ ದನಿ ಏರಿತ್ತು.

"ಯಾರಿಗೂ ಬೇಡಾಗಿತ್ತಲ್ಲ. ನಮ್ಮ ಮನೇಲಿ ಒಬ್ರಾದ್ರೂ ಚೆನ್ನಾಗಿತ್ತು ಅಂದ್ರಾ?"

ಮಾರನೇ ದಿನ ಅವಳೇ ನನ್ನ ಜೊತೆ ಮೂಡಿಗೆರೆಗೆ ಬಂದಳು. ಟೇಪು ಅಳಿಸಿದ್ದು ತಾನೇ ಎಂದು ಲಲಿತಳ ಎದುರು ಕೂತು ಹೇಳಿದಳು.

"ಹೋಗ್ಲಿ ಬಿಡಿ ಮೇಡಂ. ಅವ್ವ ಎಂತ ಹೇಳಿದ್ಲು ಅಂತಾದ್ರೂ ನೆನಪುಂಟಾ?"

ತೋಟಕ್ಕೆ ಮೊದಲು ಬಂದ ವರ್ಷದ ಮಾತು, ಲಲಿತ ಹುಟ್ಟಿದ ಮಳೆಗಾಲದ ಮಾತು, ಹೀಗೆ ಅತ್ತೆ ನೆನಪಿದ್ದಷ್ಟನ್ನು ಹೇಳಿದಳು. ಅದು ಐದು ನಿಮಿಷಕ್ಕೆ ಮುಗಿಯಿತು. ಆಗ ಲಲಿತ ನನ್ನ ಕಡೆ ತಿರುಗಿ, ನೀವೂ ಅಲ್ಲೇ ಇದ್ರಂತಲ್ಲ ಅಕ್ಕಾ, ಎಂದಳು.

ಇದ್ದೆ. ಜಗಲಿಯಲ್ಲೂ ಇದ್ದೆ, ಟಿವಿಯ ಮುಂದೂ ಇದ್ದೆ. ಈಗ ಹೂ ಬಿಟ್ಟ ದಿನ ಊರಿನವರೆಲ್ಲ ಫೋನು ಹಿಡಿದು ತೋಟಕ್ಕೆ ನುಗ್ಗುತ್ತಾರೆ. ನನ್ನ ಫೋನಿನಲ್ಲೇ ಹೂವಿನ ಚಿತ್ರಗಳು ತುಂಬಿ ಜಾಗವಿಲ್ಲ. ಆದರೆ ಆವತ್ತು ನಮ್ಮ ನಡುಮನೆ ತುಂಬ ಕೂತು ಕಣ್ಣು ಕೀಳದೆ ನೋಡಿದ ಅಷ್ಟು ಜನರಲ್ಲಿ, ನಾನೂ ಸೇರಿ, ಸೀತಕ್ಕನ ಮಾತು ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ಅದನ್ನು ಅವಳ ಮಗಳಿಗೆ ಹೇಗೆ ಹೇಳಲಿ?