ತಡೆ ಹದಿಮೂರು

ಯಾವ ಹೊಲದ ಕಬ್ಬನ್ನು ಯಾವತ್ತು ಕಡಿಯಬೇಕೆಂದು ಚೀಟಿ ಮುದ್ರಿಸುವ ಪ್ರೋಗ್ರಾಮೊಂದು ನಮ್ಮ ಸಕ್ಕರೆ ಕಾರ್ಖಾನೆಯಲ್ಲಿತ್ತು. ಅದನ್ನು ನೋಡಿಕೊಳ್ಳುವ ಕರ್ಮ ನನ್ನದು. ಮುಂಚಿನವರು ವಿನಾಯಿತಿ ಬೇಕಾದಾಗಲೆಲ್ಲ ಅದರೊಳಗೊಂದು ಸ್ವಿಚ್ಚು ಕೂಡಿಸಿ ಹೋಗಿದ್ದರು. ಹೊಳೆ ಏರಿದರೆ ಹಿಪ್ಪರಗಿ ಕಡೆಯ ಹೊಲ ಮೊದಲು ಅನ್ನುವುದಕ್ಕೊಂದು, ಸಾವಳಗಿಯ ರಸ್ತೆ ಕೆಟ್ಟರೆ ಅದಕ್ಕೊಂದು. ಯಾಕೆ ಹಾಕಿದೆ ಅಂತ ಒಬ್ಬ ಪುಣ್ಯಾತ್ಮನೂ ಒಂದು ಸಾಲು ಬರೆದಿಟ್ಟಿರಲಿಲ್ಲ. ಒಂದು ಮುಟ್ಟಿದರೆ ಇನ್ನೊಂದು ಕೆಡುತ್ತಿತ್ತು. ತಲೆ ಚಿಟ್ಟು ಹಿಡಿದುಹೋಗಿತ್ತು.

ಕೊನೆಗೆ ಯಾವ ಸ್ವಿಚ್ಚು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಅದನ್ನೆಲ್ಲ ತಾನೇ ಜಾಲಾಡುವ ಇನ್ನೊಂದು ಸಣ್ಣ ಪ್ರೋಗ್ರಾಮು ಬರೆದೆ. ‘ತಡೆ ೧೩’ ಎಂಬ ಸ್ವಿಚ್ಚು ಎಲ್ಲಿಯೂ ಬಳಕೆಯಲ್ಲಿಲ್ಲ ಎಂದು ಅದು ತೋರಿಸಿತು. ಚೀಟಿ ವಿಭಾಗದ ಹಿರಿಯ ಗುಮಾಸ್ತರನ್ನು ಕೇಳಿದರೆ, ಅದು ಇರಲಿ ಎಂದಷ್ಟೇ ಹೇಳಿ ರಿಜಿಸ್ಟರಿನಿಂದ ತಲೆಯನ್ನೂ ಎತ್ತಲಿಲ್ಲ. ಅವರಿಗೆ ಎಲ್ಲವೂ ಇರಬೇಕು, ಯಾಕೆ ಅಂತ ಮಾತ್ರ ನಾವು ಕೇಳಬಾರದು. ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತು ಒಗೆದೆ.

ಆ ಹಂಗಾಮಿನ ನಡುವೆ ಗುಮಾಸ್ತರ ಹೆಂಡತಿ ತೀರಿಕೊಂಡರು. ಅವರ ಹೊಲದಲ್ಲಿಯೇ, ಕಬ್ಬಿನ ಅಂಚಿಗೆ ಮಣ್ಣು ಮಾಡಿದರು. ಮರುದಿನ ಗುಮಾಸ್ತರು ಫೋನ್ ಮಾಡಿ, ತಮ್ಮ ಹೊಲದ ನಂಬರಿನ ಮುಂದೆ ಹದಿಮೂರು ಅಂತ ಹೊಡೆಯಲು ಹೇಳಿದರು. ಸಾವಾದ ಮನೆಯವರ ಹೊಲಕ್ಕೆ ಹನ್ನೊಂದು ದಿನ ಕಡಿಯುವ ಗ್ಯಾಂಗು ಕಳಿಸುವುದಿಲ್ಲ, ಮೊದಲಿನಿಂದಲೂ ಹೀಗೇ ನಡೆದುಬಂದಿದೆ ಎಂದರು. ಹೊಡೆದೆ, ನಾನು ಕಿತ್ತೊಗೆದ ಹದಿಮೂರು ನೆನಪಿಗೂ ಬರಲಿಲ್ಲ. ಪ್ರೋಗ್ರಾಮು ತುಟಿಪಿಟಕ್ಕೆನ್ನದೆ ತೆಗೆದುಕೊಂಡಿತು.

ಆಗಿದ್ದಿಷ್ಟೇ. ‘ತಡೆ’ ಎಂಬ ಅರ್ಧ ಹೆಸರು ಪ್ರೋಗ್ರಾಮಿನಲ್ಲಿತ್ತು, ಉಳಿದರ್ಧ ಗುಮಾಸ್ತರು ಹೊಡೆಯುವ ಅಂಕಿಯಲ್ಲಿತ್ತು. ಎರಡೂ ಕೂಡಿದಾಗಲೇ ಸ್ವಿಚ್ಚಿನ ಪೂರ್ತಿ ಹೆಸರಾಗುತ್ತಿತ್ತು. ನಾನು ಬರೆದ ಆ ಜಾಣ ಪ್ರೋಗ್ರಾಮು ಪೂರ್ತಿ ಹೆಸರನ್ನಷ್ಟೇ ಹುಡುಕಿತ್ತು, ಸಿಗಲಿಲ್ಲ ಅಂದಿತ್ತು. ನಾನು ಕಿತ್ತ ಮೇಲೆ, ಹೊಡೆದ ಅಂಕಿಗೆ ಗ್ಯಾಂಗನ್ನು ತಡೆಯುವ ಸ್ವಿಚ್ಚೇ ಉಳಿದಿರಲಿಲ್ಲ. ನನಗೆ ಈ ಬುದ್ಧಿ ಬಂದದ್ದು ನಾಲ್ಕನೆಯ ದಿನ, ಗ್ಯಾಂಗಿನ ಟ್ರ್ಯಾಕ್ಟರ್ ಆ ಹಸಿ ಮಣ್ಣಿನ ಮೇಲೆ ಹಾದುಹೋಯಿತೆಂದು ಸುದ್ದಿ ಬಂದ ಮೇಲೆ.

ಅಂದು ಮಧ್ಯಾಹ್ನ ಗುಮಾಸ್ತರೇ ಆಫೀಸಿಗೆ ಬಂದರು. ಬರೆದಿಡದೆ ಹೋದ ಹಳಬರನ್ನು ಬೈದೆ, ಅರ್ಧ ಹೆಸರು, ಅಂಕಿ, ಸ್ವಿಚ್ಚು ಅಂತ ಬಡಬಡಿಸಿದೆ. ನಾಚಿಕೆಗೆಟ್ಟು ಅವರ ಮೇಲೂ ಹಾಕಿದೆ, ಕೇಳಿದಾಗಲೇ ಹೇಳಬಹುದಿತ್ತಲ್ಲ ಎಂದು. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಗ್ಯಾಂಗಿನವರಿಂದ ಇಸಿದುಕೊಂಡು ಬಂದ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಅವರು ರಜೆಯಲ್ಲಿದ್ದಷ್ಟು ದಿನ ಚೀಟಿಗಳಿಗೆ ಸಹಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

‘ಮಶೀನಿಗೆ ತಿಳೀಲಿಲ್ಲ, ಅದು ಖರೆ ಐತಿ. ಇದರ ಮ್ಯಾಲೆ ನನ್ನ ಹೆಸರೈತಿ, ಕೆಳಗ ನಿಮ್ಮ ಸಹಿ ಐತಿ. ಮಣ್ಣಿಗೆ ನೀವೂ ಬಂದಿದ್ರಿ.’

ಹೋಗಿದ್ದೆ. ಕೈಯಾರೆ ಮಣ್ಣು ಹಾಕಿ ಬಂದಿದ್ದೆ. ಆಮೇಲೆ ಮೇಜಿಗೆ ಬಂದ ಚೀಟಿಗಳ ಕಟ್ಟಿನಲ್ಲಿ ಒಂದರ ಹೆಸರನ್ನೂ ಓದದೆ ಸಹಿ ಮಾಡಿದ್ದೆ.