ಸೆಲ್ವಕ್ಕನ ಈಳಿಗೆಮಣೆ

“ಹಾಗಾದ್ರೆ ಆ ದೇಶ ಏನನ್ನೂ ಕೊಳ್ಳೋದೇ ಬೇಡ ಸಾರ್!” ಎಂದು ಇಡೀ ತರಗತಿ ಕೂಗಿತು. ಉಕ್ಕು, ಬಟ್ಟೆ ಎರಡನ್ನೂ ನೆರೆಯ ದೇಶಕ್ಕಿಂತ ಚೆನ್ನಾಗಿ ತಯಾರಿಸುವ ದೇಶ ಆ ನೆರೆಯವರಿಂದ ಬಟ್ಟೆಯನ್ನೇಕೆ ಕೊಳ್ಳಬೇಕು ಎಂದು ಕೇಳಿದ್ದೆ. ಶಿವಮೊಗ್ಗದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರದ ಮೊದಲ ಪಾಠ ಹೇಳುವ ನನಗೆ ಪ್ರತಿವರ್ಷ ಇಲ್ಲೇ ಗಂಟಲು ಒಣಗುತ್ತದೆ.

ಅದುವರೆಗೆ ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಭದ್ರಾವತಿಯ ರೇಖಾ ಎದ್ದು ನಿಂತಳು. “ನಮ್ಮಮ್ಮ ಮದುವೆಮನೆಗಳಲ್ಲಿ ಅಡುಗೆ ಮಾಡ್ತಾರೆ ಸಾರ್. ಹೋಳಿಗೆ ತಟ್ಟೋದ್ರಲ್ಲೂ ತರಕಾರಿ ಹೆಚ್ಚೋದ್ರಲ್ಲೂ ಜೊತೆಗಿರೋ ಸೆಲ್ವಕ್ಕನಿಗಿಂತ ಅಮ್ಮನ ಕೈಯೇ ಚುರುಕು. ಆದ್ರೂ ಈಳಿಗೆಮಣೆ ಸೆಲ್ವಕ್ಕಂಗೇ ಬಿಡ್ತಾರೆ. ಅಮ್ಮ ತರಕಾರಿಗೆ ಕೂತ್ರೆ ಹೋಳಿಗೆ ತಟ್ಟೋರು ಯಾರು? ಸೆಲ್ವಕ್ಕ ತಟ್ಟಿದ್ರೆ ಹರಿದೇ ಹೋಗುತ್ತೆ!”

ಬೋರ್ಡಿನ ಮೇಲಿದ್ದ ಎರಡೂ ದೇಶಗಳನ್ನು ಒರೆಸಿ, ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ನಾನು ಅವಳ ಬೆಂಚಿನಲ್ಲಿ ಕುಳಿತೆ.

ಆ ಸಲ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಉತ್ತರಗಳಲ್ಲಿ ದೇಶಗಳೇ ಇರಲಿಲ್ಲ; ಹಾಳೆ ಮಗುಚಿದಲ್ಲೆಲ್ಲ ಸೆಲ್ವಕ್ಕ ತರಕಾರಿ ಹೆಚ್ಚುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಪಾಠ ಹೇಳಿದವಳು ರೇಖಾ. ಸ್ಟಾಫ್ ರೂಮಿನಲ್ಲಿ ಮೀಸೆ ತಿರುವಿದವನು ನಾನು.