ಭಟ್ಟಿಯ ಬೂಶ್ತಾ ಮತ್ತು ಮರದ ಚಮಚ

ಸೀದಿ ಬೂಶ್ತಾ ತಮ್ಮ ಕಾಲನ್ನು ತಾವೇ ಸುಟ್ಟುಕೊಂಡ ದಿನ ಬೈಗುಳ ತಿಂದವಳು ಎದುರು ಮನೆಯ ಹೆಂಗಸು. ಮಾಂಸ ಸೀಯುವ ವಾಸನೆ ಬಂದಿತ್ತು, ಭಟ್ಟಿಯೊಳಗೆ ಅವಳ ಮನೆಯ ಕುರಿಮಾಂಸದ ತಟ್ಟೆಯಿತ್ತು. ತಟ್ಟೆಗೆ ಎಣ್ಣೆ ಸವರುವಷ್ಟೂ ಬುದ್ಧಿ ಇಲ್ಲವೇ ಎಂದು ಅವರು ಇಡೀ ಓಣಿಗೆ ಕೇಳುವಂತೆ ಗದರಿದರು. ತಟ್ಟೆ ಹೊರಗೆ ಬಂತು, ಮಾಂಸ ಹದವಾಗಿ ಬೆಂದಿತ್ತು. ಸೀಯುತ್ತಿದ್ದುದು ಬೂಶ್ತಾ ಅವರ ಕಾಲಿನ ಕಿರುಬೆರಳು. ಚಪ್ಪಲಿಯೊಳಗೆ ಕೆಂಡ ಬಿದ್ದು ಎಷ್ಟು ಹೊತ್ತಾಗಿತ್ತೋ, ಅವರಿಗೆ ಗೊತ್ತೇ ಆಗಿರಲಿಲ್ಲ.

ಮೊರಾಕೊದ ತಾಝಾ ಊರಿನ ಹಳೇ ಪೇಟೆಯಲ್ಲಿ ನಮ್ಮ ಓಣಿಯ ರೊಟ್ಟಿ ಸುಡುವ ಭಟ್ಟಿ ಅವರದು. ಬೆಳಿಗ್ಗೆ ನೂರಿಪ್ಪತ್ತು ಮನೆಗಳಿಂದ ಹಲಗೆಗಳ ಮೇಲೆ ತಟ್ಟಿದ ಹಿಟ್ಟು ಬರುತ್ತದೆ, ಮಧ್ಯಾಹ್ನದೊಳಗೆ ರೊಟ್ಟಿಯಾಗಿ ಹಿಂದಿರುಗುತ್ತದೆ. ಯಾವುದು ಯಾರ ಮನೆಯದೆಂದು ಅವರು ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ನನ್ನ ರೊಟ್ಟಿಯ ಮೇಲೆ ಬೀಗದ ಕೈಯಿಂದ ಒತ್ತಿದ ಮೂರು ಗುರುತು ಇರುತ್ತವೆ, ಅದಿಲ್ಲದಿದ್ದರೂ ಅವರಿಗೆ ತಿಳಿಯುತ್ತದೆ. ಕೂಲಿಯೂ ರೊಟ್ಟಿಯೇ, ಮನೆಗಳ ಸರದಿಯಂತೆ ದಿನಕ್ಕೆ ಏಳೆಂಟು.

ನಾನು ಬತೂಲ್, ಇದೇ ಓಣಿಯ ಆರೋಗ್ಯ ಕೇಂದ್ರದ ದಾದಿ; ಗಂಡಸರಿಗೆ ಮರ್ಯಾದೆಯಿಂದ ಸೀದಿ ಎನ್ನುವಂತೆ ನನ್ನನ್ನು ಲಲ್ಲಾ ಎನ್ನುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಜನರಿಗೆ ಸಕ್ಕರೆ ಬಿಡಿ ಎಂದು ಹೇಳುತ್ತ ಬಂದಿದ್ದೇನೆ. ಜನ ಗೌರವದಿಂದ ಕೇಳಿಸಿಕೊಂಡು, ನನಗೇ ಪಾಕದಂಥ ಪುದೀನಾ ಚಹಾ ಬಗ್ಗಿಸಿ ಕೊಡುತ್ತಾರೆ. ನಾನು ಬೇಡ ಎನ್ನುತ್ತೇನೆ, ಅವರು ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮ ವೈದ್ಯಕೀಯ ಸೇವೆ ನಡೆದಿರುವುದು ಹೀಗೆ.

ಬೂಶ್ತಾ ಮಾತ್ರ ಬೇರೆಯೇ ಥರದ ಮನುಷ್ಯರು. ಹನ್ನೊಂದು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ಚಹಾಕ್ಕೆ ಸಕ್ಕರೆ ಬಿಟ್ಟರು. ಮೊರಾಕೊ ದೇಶದಲ್ಲಿ ಅದು ಸನ್ಯಾಸಕ್ಕೆ ಸಮ. ಮದುವೆಗೆ ಹೋದವರೂ ಸಾವಿನ ಮನೆಗೆ ಹೋದವರೂ ಗೋಪುರದಂಥ ಸಕ್ಕರೆ ಅಚ್ಚು ಹೊತ್ತು ಹೋಗುವ ಜನ ನಾವು. ಅಂಥವರ ನಡುವೆ ಕಹಿ ಚಹಾ ಕುಡಿದು, ತಾವೆಂಥ ಗಟ್ಟಿಗರೆಂದು ಬಂದವರಿಗೆಲ್ಲ ತೋರಿಸುವುದು ಅವರ ದೊಡ್ಡ ಸುಖವಾಗಿತ್ತು. ನಾನೂ ಅವರನ್ನು ಉದಾಹರಣೆಯಾಗಿ ಹೇಳಿ ಇತರ ರೋಗಿಗಳ ಜೀವ ತಿನ್ನುತ್ತಿದ್ದೆ.

ಸುಟ್ಟ ಬೆರಳಿನ ನೆಪದಲ್ಲಿ ರಕ್ತ ನೋಡಿದರೆ, ಖಾಲಿ ಹೊಟ್ಟೆಯಲ್ಲಿ ಲೀಟರಿಗೆ ಮೂರು ಗ್ರಾಂ ಸಕ್ಕರೆ. ಒಂದು ಇರಬೇಕಾದಲ್ಲಿ ಮೂರು. ಫೆಸ್ ನಗರದ ಶಸ್ತ್ರವೈದ್ಯರು ಆರು ವಾರ ಗಡುವು ಕೊಟ್ಟರು. ಅಷ್ಟರಲ್ಲಿ ಸಕ್ಕರೆ ಇಳಿಯದಿದ್ದರೆ ಹುಣ್ಣು ಒಣಗುವುದಿಲ್ಲ, ಪಾದವನ್ನೇ ತೆಗೆಯಬೇಕು. ಭಟ್ಟಿಯ ಬಾಯಿಯ ಮುಂದೆ ರೊಟ್ಟಿ ಸುಡುವವರು ಇಳಿದು ನಿಲ್ಲುವ ಗುಂಡಿಯಲ್ಲಿ ಒಂಟಿಕಾಲಿನಲ್ಲಿ ನಿಲ್ಲುವ ವಿದ್ಯೆಯನ್ನು ಇನ್ನೂ ಯಾರೂ ಕಲಿತಿಲ್ಲ.

ನಾನು ಹೇಳಿದಂತೆ ಬೂಶ್ತಾ ಪ್ರತಿದಿನ ಬಂದು ತಿಂದದ್ದನ್ನೆಲ್ಲ ಪ್ರಾಮಾಣಿಕವಾಗಿ ಒಪ್ಪಿಸತೊಡಗಿದರು. ಎರಡು ಮೊಟ್ಟೆ, ಆಲಿವ್ ಎಣ್ಣೆ, ಹುರಿದ ಬದನೆಕಾಯಿ, ಮೂರು ಸಾರ್ಡೀನ್ ಮೀನು. ನಾನು ಬರೆದುಕೊಂಡೆ. ಪಟ್ಟಿ ನೋಡಿದರೆ ದೇವದೂತರ ಊಟ, ರಕ್ತ ನೋಡಿದರೆ ಮತ್ತೆ ಮೂರು. ಯಂತ್ರವೇ ಕೆಟ್ಟಿರಬೇಕೆಂದುಕೊಂಡು ಬೇರೆ ಯಂತ್ರ ತರಿಸಿದೆ. ಅದೂ ಮೂರೇ ಅಂದಿತು. ಹತ್ತು ದಿನ ಹೀಗೇ ಹೋಯಿತು. ಕದ್ದು ಮಿಠಾಯಿ ತಿನ್ನುತ್ತಿದ್ದಾರೆಂದು ನಾನು ಅವರ ಹೆಂಡತಿ ಯಾಮ್ನಾ ಹತ್ತಿರ ಹೇಳಿಯೂಬಿಟ್ಟೆ. ಆಕೆ ನೊಂದುಕೊಂಡು, ಹಾಗಾದರೆ ನೀವೇ ಬಂದು ಊಟಕ್ಕೆ ಕುಳಿತು ನೋಡಿ ಎಂದರು.

ಹೋದೆ. ನಡುವೆ ಒಂದೇ ತಟ್ಟೆ, ಅದರಲ್ಲಿ ಬದನೆಕಾಯಿ. ಬೂಶ್ತಾ ರೊಟ್ಟಿ ಮುರಿದರು, ಚೂರಿನಿಂದ ಬದನೆಕಾಯಿ ಬಾಚಿದರು, ನುಂಗಿದರು. ಮತ್ತೆ ಮುರಿದರು. ತಟ್ಟೆ ಖಾಲಿಯಾಗುವ ಹೊತ್ತಿಗೆ ಎರಡೂವರೆ ರೊಟ್ಟಿ ಮಾಯವಾಗಿತ್ತು. ತಟ್ಟೆಯ ತಳ ಒರೆಸಿದ್ದು ಬೇರೆ.

"ಸೀದಿ ಬೂಶ್ತಾ, ಈ ರೊಟ್ಟಿ ವಿಷಯ ನಂಗೆ ಒಂದಿನಾನೂ ಹೇಳ್ಲಿಲ್ವಲ್ಲ" ಅಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ತಿಂದಿದ್ದು ಹೇಳಿ ಅಂದ್ರಲ್ಲ ತಾಯಿ. ರೊಟ್ಟೀನ ತಿನ್ನಲ್ಲ, ರೊಟ್ಟೀಲಿ ತಿಂತೀವಿ. ಫ್ರೆಂಚರು ಊಟ ಮಾಡಿ ಎದ್ದು, ಚಮಚಾನೂ ತಿಂದೆ ಅಂತಾರಾ?"

ಹತ್ತು ದಿನದ ನನ್ನ ಪಟ್ಟಿ ಯಾವ ಯೋಗ್ಯತೆಯದೆಂದು ಆಗ ಗೊತ್ತಾಯಿತು. ದಿನಕ್ಕೆ ಏಳು ರೊಟ್ಟಿ ತಿನ್ನುವವರಿಗೆ ಒಂದು ಚಮಚ ಸಕ್ಕರೆ ಬಿಡಿಸಿ ಹನ್ನೊಂದು ವರ್ಷ ಮೆಚ್ಚಿಕೊಂಡು ಓಡಾಡಿದ್ದವಳು ನಾನು. ನನ್ನ ಮೇಲೇ ನನಗೆ ಸಿಟ್ಟು ಬಂತು.

ರೊಟ್ಟಿಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ ಎಂದೆ. ಅವರು ನಕ್ಕರು. ಹಿಟ್ಟು, ನೀರು, ಉಪ್ಪು, ಇದರಲ್ಲಿ ಸಕ್ಕರೆ ಎಲ್ಲಿಂದ ಬಂತು, ನಲವತ್ತೊಂದು ವರ್ಷ ಸುಟ್ಟಿರುವುದು ನಾನೋ ನೀವೋ ಎಂದರು. ಆಗ ನಾನು ಯಾಮ್ನಾ ಅವರೇ ಕಲಸಿದ ರೊಟ್ಟಿಯ ಒಂದು ಚೂರನ್ನು ಒಣದಾಗಿಯೇ ಅವರ ಬಾಯಿಗೆ ಕೊಟ್ಟು, ನುಂಗಬೇಡಿ, ನಾನು ಹೇಳುವ ತನಕ ಅಗಿಯುತ್ತಿರಿ ಎಂದೆ. ಅಷ್ಟು ವರ್ಷ ರೊಟ್ಟಿಯ ನಡುವೆ ಬದುಕಿದ ಮನುಷ್ಯರು ಅದನ್ನು ಸಾರಿಲ್ಲದೆ, ಎಣ್ಣೆಯಿಲ್ಲದೆ, ಸುಮ್ಮನೆ ಎರಡು ನಿಮಿಷ ಬಾಯಲ್ಲಿ ಇಟ್ಟುಕೊಂಡದ್ದೇ ಇಲ್ಲ. ಅಗಿದರು. ಅಗಿಯುತ್ತ ಅಗಿಯುತ್ತ ಅವರ ಹುಬ್ಬು ಗಂಟಿಕ್ಕಿತು. ಯಾಮ್ನಾ ಕಡೆ ತಿರುಗಿ, ಹಿಟ್ಟಿಗೆ ಏನು ಹಾಕಿದ್ದೆ ಎಂದು ಕೇಳಿದರು.

"ಏನೂ ಹಾಕಿಲ್ಲ, ಅದು ಯಾವತ್ತೂ ಹಾಗೇ" ಅಂದರು ಯಾಮ್ನಾ.

ಬಾಯಲ್ಲೇ ಸಿಹಿಯಾಗುವುದಕ್ಕೆ ಶುರುವಾದ ಮೇಲೆ ಮುಂದಿನದನ್ನು ಹೇಳುವುದು ಸುಲಭವಾಯಿತು. ಆ ಸಕ್ಕರೆಯನ್ನು ರಕ್ತ ಹೊತ್ತುಕೊಂಡು ಮೈಯ ಮನೆಮನೆಗೆ ಹೋಗುತ್ತದೆ. ಸ್ನಾಯುವಿಗೆ ಅದು ಬೇಕು, ಮಿದುಳಿಗೆ ಇನ್ನೂ ಬೇಕು. ಆದರೆ ನಿಮ್ಮ ಮೈಯಲ್ಲಿ ಬಾಗಿಲು ತೆರೆಯುವವರೇ ಕಡಿಮೆ. ರೊಟ್ಟಿ ಬರುತ್ತಲೇ ಇದೆ, ಒಳಗೆ ತೆಗೆದುಕೊಳ್ಳುವವರಿಲ್ಲ, ಓಣಿಯಲ್ಲೇ ರಾಶಿ ಬೀಳುತ್ತಿದೆ. ಆ ರಾಶಿಯೇ ನಿಮ್ಮ ಪಾದದ ನರವನ್ನು ಕೊಂದದ್ದು.

ಪಾದ ಹೋಗುತ್ತದೆ ಎಂದಾಗ ಅಲುಗಾಡದವರು ಇದಕ್ಕೆ ಬೆಚ್ಚಿದರು. ದಾರಿಯಲ್ಲಿ ಬಿದ್ದ ಚೂರು ಕಂಡರೂ ಎತ್ತಿ ಮುತ್ತಿಟ್ಟು ಎತ್ತರದಲ್ಲಿ ಇಡುವ ಜನ ನಾವು. "ರೊಟ್ಟಿ ಓಣೀಲಿ ಬಿದ್ದಿದೆ ಅಂತೀರಾ" ಎಂದು ಮೆಲ್ಲಗೆ ಕೇಳಿದರು.

ಮರುದಿನದಿಂದ ಊಟಕ್ಕೆ ಅಂಗೈಯ ಅರ್ಧದಷ್ಟು ರೊಟ್ಟಿ, ಮಿಕ್ಕದ್ದಕ್ಕೆ ಯಾಮ್ನಾ ಅವರ ಮರದ ಚಮಚ. ಓಣಿಗೆ ಹಬ್ಬವಾಯಿತು. ರೊಟ್ಟಿ ಸುಡುವವನು ಚಮಚದಲ್ಲಿ ತಿನ್ನುತ್ತಾನಂತೆ, ಇನ್ನು ಕೊರಳಿಗೆ ಟೈ ಕಟ್ಟಿಕೊಳ್ಳುವುದು ಯಾವಾಗ ಎಂದು ಕ್ಷೌರಿಕ ಕೇಳಿದ. ಬೂಶ್ತಾ ಅಷ್ಟಕ್ಕೇ ಬಿಡುವವರೇ? ಹಠ ಹಿಡಿದು ಎರಡು ದಿನ ಆ ಚೂರು ರೊಟ್ಟಿಯನ್ನೂ ಬಿಟ್ಟು, ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರು. ಮೂರನೇ ದಿನ ರಕ್ತದ ಸಕ್ಕರೆ ತೀರ ಇಳಿದು, ಭಟ್ಟಿಯ ಮುಂದೆ ಬೆವತು ನಡುಗಿ, ಯಾರ ರೊಟ್ಟಿ ಯಾರದೆಂದು ತಿಳಿಯದೆ ಕುಸಿದರು. ಯಾಮ್ನಾ ಬಾಯಿಗೆ ಸಕ್ಕರೆ ಹಾಕಿದ ಮೇಲೆ ಕಣ್ಣು ಬಿಟ್ಟರು. ಮಿದುಳಿಗೆ ಬೇಕು ಅಂದಿದ್ದೆನಲ್ಲ ಎಂದು ಓಡಿ ಬಂದ ನಾನು ಆ ಸ್ಥಿತಿಯಲ್ಲೂ ಬೈದೆ.

ಆರನೇ ವಾರ ಸಕ್ಕರೆ ಒಂದೂವರೆಗೆ ಇಳಿಯಿತು. ಶಸ್ತ್ರವೈದ್ಯರು ಕಿರುಬೆರಳೊಂದನ್ನು ತೆಗೆದು ಪಾದವನ್ನು ಬಿಟ್ಟುಕೊಟ್ಟರು. ಎರಡು ತಿಂಗಳಾದ ಮೇಲೆ ಬೂಶ್ತಾ ದಪ್ಪ ಬೂಟು ಹಾಕಿಕೊಂಡು ಮತ್ತೆ ಗುಂಡಿಗೆ ಇಳಿದರು.

ಆ ಮೊದಲ ದಿನ ನಾನು ರೊಟ್ಟಿ ತರಲು ಹೋದೆ. ಹತ್ತು ಹೆಂಗಸರು ನಿಂತಿದ್ದರು. ಬೂಶ್ತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಮೊಟ್ಟೆ, ಆಲಿವ್, ಸಕ್ಕರೆಯಿಲ್ಲದ ಚಹಾ ಎಂದು ಠೀವಿಯಿಂದಲೇ ಹೇಳಿದೆ. ಅವರು ಮೂರು ಗುರುತಿನ ನನ್ನ ರೊಟ್ಟಿಯನ್ನು ಎಳೆದು, ಒಂದು ಚೂರು ಮುರಿದು ನನ್ನ ಕೈಗಿಟ್ಟರು.

"ಅಗೀರಿ ಲಲ್ಲಾ ಬತೂಲ್. ನಾನ್ ಹೇಳೋ ತನಕ ನುಂಗ್ಬೇಡಿ."

ಓಣಿಯೆಲ್ಲ ನೋಡುತ್ತಿರುವಾಗ ಅಗಿಯುತ್ತ ನಿಂತೆ. ಇಪ್ಪತ್ತಾರು ವರ್ಷ ಊರಿನವರ ಬೆರಳಿಗೆಲ್ಲ ಸೂಜಿ ಚುಚ್ಚಿದವಳು ಮರುದಿನ ಬಾಗಿಲು ಹಾಕಿಕೊಂಡು ಮೊದಲ ಸಲ ನನ್ನ ಬೆರಳಿಗೆ ಚುಚ್ಚಿಕೊಂಡೆ. ಖಾಲಿ ಹೊಟ್ಟೆಯಲ್ಲೇ ಸಕ್ಕರೆ ಎರಡು ದಾಟಿತ್ತು. ನೇರ ಭಟ್ಟಿಗೆ ಹೋಗಿ, ಬೇರೆ ಯಾರಿಗೂ ಹೇಳುವ ಮೊದಲು ಅವರಿಗೆ ಹೇಳಿದೆ. ಬೂಶ್ತಾ ಒಂದು ಮಾತೂ ಚುಚ್ಚಿ ಆಡಲಿಲ್ಲ. ಒಲೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಯಾಮ್ನಾ ಹತ್ರ ಇನ್ನೊಂದು ಚಮಚ ಇದೆ. ತಗೊಂಡೋಗಿ."